ಆರ್‌ಎಕ್ಸ್ 100: ಎಂಜಿನ್ ಮನೆಯಲ್ಲೇ ಇಳಿಸಿದ ಲೆಕ್ಕ

ಗಾಡಿ ಯಮಹಾ ಆರ್‌ಎಕ್ಸ್ 100. ನಂಬರ್ ಕೆಎ 16, ಅಂದರೆ ಚಿತ್ರದುರ್ಗದ್ದು. ಸೋದರಮಾವ ಅಲ್ಲಿ ಓಡಿಸಿ, ಕಿಕ್ ಹೊಡೆಯೋಕೆ ಮೊಣಕಾಲು ಒಪ್ಪದಿದ್ದಾಗ ನನಗೆ ದಾಟಿಸಿದರು. ಈಗ ದಾವಣಗೆರೆಯ ನಿಟುವಳ್ಳಿಯಲ್ಲಿ ನಮ್ಮ ಮನೆ ಪೋರ್ಟಿಕೋದಲ್ಲಿ ನಿಲ್ಲುತ್ತೆ. ರೋಗ ಮೂರು. ಬಿಸಿಯಾದ ಮೇಲೆ ಎಂಜಿನ್ ತಳದಿಂದ ಗುಂಯ್ ಅನ್ನೋ ಕೂಗು. ಆಕ್ಸಿಲರೇಟರ್ ಬಿಟ್ಟರೂ ಐಡ್ಲಿಂಗ್ ನಿಲ್ಲದೆ ತಾನೇ ಏರಿ ಇಳಿಯೋದು. ಮತ್ತೆ ಪೆಟ್ರೋಲ್ ಜೊತೆ ಸುಡೋ ಟೂ-ಟಿ ಆಯಿಲ್‌ನ ಪಂಪ್ ಸರಿಯಾಗಿದ್ದರೂ ಹಿಂದೆ ಬರೋರ ಕಣ್ಣು ಉರಿಸೋ ಬಿಳಿ ಹೊಗೆ.

ಹೊಗೆ ಅಂದ ಕೂಡಲೇ ಬೀದಿಯಲ್ಲಿ ಸಿಗೋ ಸಲಹೆ ಒಂದೇ: "ಬೋರ್ ಮಾಡ್ಸಿ ಪಿಸ್ಟನ್ ಹಾಕ್ಸಪ." ಅಂದರೆ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕ್ಸು ಅಂತ. ಆದರೆ ಆ ಕೂಗು ಪಿಸ್ಟನ್‌ದಲ್ಲ. ಇನ್ನೊಂದು ಸುಳಿವೂ ಇತ್ತು. ನಾನು ಎಪಿಎಂಸಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋನು, ಅಳೆಯದೆ ಏನನ್ನೂ ಸುರಿಯೋ ಅಭ್ಯಾಸ ಇಲ್ಲ. ಅಳೆದು ಹಾಕಿದ್ದ ಗೇರ್ ಆಯಿಲನ್ನ ಮಳೆಗಾಲ ಕಳೆದ ಮೇಲೆ ಇಳಿಸಿದರೆ, ಹಾಕಿದ್ದರಲ್ಲಿ ಅರ್ಧದಷ್ಟೂ ಹೊರಗೆ ಬರಲಿಲ್ಲ. ಪೋರ್ಟಿಕೋ ನೆಲದ ಮೇಲೆ ಒಂದು ಹನಿ ಸೋರಿದ ಗುರುತಿಲ್ಲ. ಹೊರಗೆ ಸೋರಿಲ್ಲ ಅಂದರೆ ಒಳಗೇ ಹೋಗಿರಬೇಕು.

ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ ಏರಿಳಿತವನ್ನ ಸುತ್ತಾಗಿಸೋ ಶಾಫ್ಟ್, ಕೂತಿರೋ ಕೋಣೆಯೇ ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ಎಳೆತ ಹುಟ್ಟಿ ಕಾರ್ಬುರೇಟರ್‌ನಿಂದ ರೀಡ್ ವಾಲ್ವ್ (ಒಳಮುಖವಾಗಿ ಮಾತ್ರ ತೆರೆಯೋ ತೆಳು ಪಟ್ಟಿ) ಮೂಲಕ ಪೆಟ್ರೋಲ್ ಬೆರೆತ ಗಾಳಿ ಒಳಗೆ ಬರುತ್ತೆ. ಪಿಸ್ಟನ್ ಇಳಿದಾಗ ಅದೇ ಗಾಳಿ ಒತ್ತಡಕ್ಕೆ ಸಿಕ್ಕಿ ಸಿಲಿಂಡರ್‌ಗೆ ಏರುತ್ತೆ. ಕ್ರ್ಯಾಂಕ್ ಈ ಕೋಣೆಯಿಂದ ಹೊರಬರೋ ಎರಡೂ ಪಕ್ಕಕ್ಕೆ ಒಂದೊಂದು ಆಯಿಲ್ ಸೀಲ್, ಅಂದರೆ ಶಾಫ್ಟಿಗೆ ತುಟಿ ಒತ್ತಿ ಕೂರೋ ರಬ್ಬರ್ ಉಂಗುರ. ಬಲಗಡೆ ಸೀಲ್‌ನ ಆಚೆ ಕ್ಲಚ್ಚು, ಗೇರ್ ಆಯಿಲ್. ಅದು ಸೋತರೆ ಎಂಜಿನ್ ಗೇರ್ ಆಯಿಲ್ ಹೀರಿಕೊಂಡು ಸುಡುತ್ತೆ. ಎಡಗಡೆ ಸೀಲ್‌ನ ಆಚೆ ಕರೆಂಟ್ ಹುಟ್ಟಿಸೋ ಮ್ಯಾಗ್ನೆಟ್ ಚಕ್ರ, ಬರೀ ಗಾಳಿ. ಅದು ಸೋತರೆ ಕಾರ್ಬುರೇಟರ್ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗಿ, ಐಡ್ಲಿಂಗ್ ಕುಣಿದು, ಎಂಜಿನ್ ಕಾದು ಕೊನೆಗೊಂದು ದಿನ ಹೈವೇ ಮೇಲೆ ಪಿಸ್ಟನ್ ಸೀಜ್, ಅಂದರೆ ಸಿಲಿಂಡರ್‌ಗೆ ಕಚ್ಚಿ ನಿಲ್ಲೋದು. ನನ್ನ ಗಾಡಿಯಲ್ಲಿ ಎರಡೂ ಲಕ್ಷಣ ಒಟ್ಟಿಗೆ ಇದ್ದವು.

ಖಾತ್ರಿ ಮಾಡಿಕೊಳ್ಳೋಕೆ ಮನೆಯಲ್ಲೇ ಆಗೋ ಒಂದು ಪರೀಕ್ಷೆ ಇದೆ. ಎಡಗಡೆ ಕವರ್ ಬಿಚ್ಚಿ, ಮ್ಯಾಗ್ನೆಟ್ಟನ್ನ ಎರಡು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ನೋಡೋದು. ಕ್ರ್ಯಾಂಕ್ ಕೂತಿರೋ ಬೇರಿಂಗ್ ಚೆನ್ನಾಗಿದ್ದರೆ ಅದು ತಿರುಗುತ್ತೆ ಅಷ್ಟೇ, ಅಲ್ಲಾಡಲ್ಲ. ನಮ್ಮದು ಟಕ್ ಟಕ್ ಅಂತು. ಬೇರಿಂಗ್ ಸವೆದು ಕ್ರ್ಯಾಂಕ್ ಕುಣಿಯೋ ಕಡೆ ಹೊಸ ಸೀಲ್ ಹಾಕಿದರೂ ಅದರ ತುಟಿ ಬಾಳಲ್ಲ. ಬೇರಿಂಗ್ ಬದಲಿಸಬೇಕಾದರೆ ಎಂಜಿನ್‌ನ ಹೊರಗಿನ ಕೇಸ್ ಎರಡು ಹೋಳು ಮಾಡಬೇಕು, ಕೇಸ್ ಹೋಳಾಗಬೇಕಾದರೆ ಎಂಜಿನ್ ಚಾಸಿಯಿಂದ ಇಳಿಯಬೇಕು. ಗ್ಯಾರೇಜ್ ಮಾತಿನಲ್ಲಿ ಹೇಳೋದಾದರೆ ಹಾಫ್ ಎಂಜಿನ್‌ಗೆ (ಮೇಲಿನ ಹೆಡ್, ಸಿಲಿಂಡರ್, ಪಿಸ್ಟನ್ ಮಾತ್ರ) ಮುಗಿಯೋ ಕೆಲಸ ಅಲ್ಲ, ಫುಲ್ ಎಂಜಿನ್.

ಗ್ಯಾರೇಜಿಗೇ ಕೊಡಬಹುದಿತ್ತು. ಆದರೆ 1985ರಲ್ಲಿ ಬಂದು 1996ಕ್ಕೆ ನಿಂತುಹೋದ ಗಾಡಿ ಇದು. ಒರಿಜಿನಲ್ ಕಾರ್ಬುರೇಟರ್, ಒರಿಜಿನಲ್ ಬೋರ್ ಅಂದರೆ ಇವತ್ತು ಚಿನ್ನದ ಬೆಲೆ. ಮಾವನ ಕಾಲದಲ್ಲಿ ಯಾವುದೋ ಗ್ಯಾರೇಜಿಗೆ ಹೋಗಿ ಬಂದ ಮೇಲೆ ಸೈಲೆನ್ಸರ್ ಬೇರೆಯದೇ ಆಗಿತ್ತಂತೆ. ಅವರು ಹೇಳೋದು ನಿಜವೋ, ಅಭಿಮಾನವೋ, ಗೊತ್ತಿಲ್ಲ. ನನಗಂತೂ ಎಂಜಿನ್ ಒಳಗೆ ಏನಿದೆ ಅಂತ ನಾನೇ ನೋಡಬೇಕಿತ್ತು. ಇನ್ನೊಂದು ಕಾರಣ ಕೇಸ್ ಮೇಲೆ ಗುದ್ದಿರೋ ಎಂಜಿನ್ ನಂಬರು. 15 ವರ್ಷ ದಾಟಿದ ಗಾಡಿಯ ಆರ್.ಸಿ.ಯನ್ನ ಐದೈದು ವರ್ಷಕ್ಕೆ ನವೀಕರಿಸಬೇಕು, ಆಗ ಆ ನಂಬರ್ ತಾಳೆ ಆಗಲೇಬೇಕು. "ಕೇಸ್ ಹೋಗೈತಿ, ಬೇರೆ ಹಾಕಿದೀನಿ" ಅಂತ ಯಾರಾದರೂ ಅಂದರೆ ಆಮೇಲೆ ಆರ್‌ಟಿಒ ಮುಂದೆ ನಿಲ್ಲಬೇಕಾದೋನು ನಾನು.

ದುಗ್ಗಮ್ಮನ ಜಾತ್ರೆಯ ನೆಂಟರೆಲ್ಲ ಊರಿಗೆ ಹೋದ ಮೇಲೆ ಪೋರ್ಟಿಕೋ ಖಾಲಿಯಾಯಿತು. ಕೈಜೋಡಿಸೋಕೆ ಅಕ್ಕನ ಮಗ, ಐಟಿಐ ಫಿಟ್ಟರ್ ಓದ್ತಿರೋ ಹುಡುಗ. ಮಾತು ಜಾಸ್ತಿ, ಕೈ ಚೊಕ್ಕ.

ಟೂಲ್ ವಿಷಯ. 8–9ರಿಂದ 16–17ರವರೆಗೆ ಡಬಲ್ ಪಾನಾ, ಅದೇ ಅಳತೆಯ ರಿಂಗ್ ಪಾನಾ, ಒಂದು ಸಾಕೆಟ್ ಸೆಟ್, ಪ್ಲಗ್‌ಗೆ 21ರ ಬಾಕ್ಸ್. ಇಷ್ಟು ಎಲ್ಲರ ಮನೆಯಲ್ಲೂ ಇರಬಹುದು ಅಥವಾ ಎರವಲು ಸಿಗುತ್ತೆ. ಎರವಲು ಸಿಗದೆ ಕೊಳ್ಳಲೇಬೇಕಾದವು ಎರಡು. ಒಂದು ಮ್ಯಾಗ್ನೆಟ್ ಪುಲ್ಲರ್. ಮ್ಯಾಗ್ನೆಟ್ ಕೂತಿರೋದು ಟೇಪರ್ ಮೇಲೆ, ಅಂದರೆ ತುದಿಗೆ ಹೋಗ್ತಾ ಸಣ್ಣಗಾಗೋ ಶಾಫ್ಟಿಗೆ ಕಚ್ಚಿಕೊಂಡು, ನಟ್ ಬಿಚ್ಚಿದ ಮಾತ್ರಕ್ಕೆ ಬರಲ್ಲ. ಸುತ್ತಿಗೆಯಲ್ಲಿ ಹೊಡೆದರೆ ಒಳಗಿನ ಅಯಸ್ಕಾಂತ ಬಿರುಕು ಬಿಡುತ್ತೆ. ಪಿ.ಬಿ. ರಸ್ತೆ ಕಡೆಯ ಸ್ಪೇರ್ ಅಂಗಡಿಯಲ್ಲಿ ಗಾಡಿ ಹೆಸರು ಹೇಳಿದರೆ ಕೊಡ್ತಾರೆ. ಇನ್ನೊಂದು ಇಂಪ್ಯಾಕ್ಟ್ ಡ್ರೈವರ್, ಹಿಂದೆ ಸುತ್ತಿಗೆಯಲ್ಲಿ ಹೊಡೆದರೆ ತುದಿ ತಾನೇ ಒಂದಿಷ್ಟು ತಿರುಗೋ ಅಂಥದ್ದು. ಕವರ್‌ಗಳ ಸ್ಕ್ರೂ ನೋಡೋಕೆ ಸ್ಟಾರ್ ಥರ ಕಂಡರೂ ಅದು ಜಪಾನ್ ಅಳತೆಯ ಸ್ಟಾರು. ನಮ್ಮ ಮನೆಯ ಸ್ಟಾರ್ ಸ್ಕ್ರೂಡ್ರೈವರ್ ತಳ ಮುಟ್ಟದೆ ಜಾರಿ ತಲೆ ಕೆಡಿಸುತ್ತೆ. ಇಂಪ್ಯಾಕ್ಟ್ ಇದ್ದರೆ ಹೊಡೆತದ ಬಲಕ್ಕೆ ತುದಿ ಕೂತು, ಮೂವತ್ತು ವರ್ಷದ ಸ್ಕ್ರೂ ಕಟ್ ಅಂತ ಸಡಿಲ ಆಗುತ್ತೆ. ಆ ಸದ್ದಿಗೆ ಹುಡುಗ ಪ್ರತಿ ಸಲವೂ "ಬಂತು ಮಾಮ!" ಅಂತಿದ್ದ.

ಒರೆಸೋಕೆ ಬನಿಯನ್ ವೇಸ್ಟ್, ಕೆ.ಜಿ. ಲೆಕ್ಕದಲ್ಲಿ. ಹತ್ತಿ ಮಿಲ್ಲುಗಳಿದ್ದ ಊರಲ್ಲಿ ಚಿಂದಿಗೂ ದುಡ್ಡು ಕೊಡೋ ಕಾಲ ಬಂತು ಅಂತ ಅವ್ವ ಗೊಣಗಿದಳು.

ಬೋಲ್ಟ್‌ಗಳಿಗೆ ನನ್ನ ಕಿರ್ದಿ ಪದ್ಧತಿಯೇ. ಹಳೇ ಕಿರ್ದಿ ಪುಸ್ತಕದ ರಟ್ಟಿನ ಮೇಲೆ ಬಲಗಡೆ ಕವರ್‌ನ ಆಕಾರ ಗೀಚಿ, ಸ್ಕ್ರೂ ಇರೋ ಕಡೆಯಲ್ಲೆಲ್ಲ ತೂತು ಮಾಡಿ, ಬಿಚ್ಚಿದ ಸ್ಕ್ರೂ ಅದೇ ತೂತಿಗೆ ಚುಚ್ಚೋದು. ಸ್ಕ್ರೂಗಳ ಉದ್ದ ಬೇರೆ ಬೇರೆ. ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದರೆ ತಳ ಮುಟ್ಟಿ ಅಲ್ಯೂಮಿನಿಯಂ ಒಡೆಯುತ್ತೆ. ಉದ್ದದ ಜಾಗಕ್ಕೆ ಗಿಡ್ಡದ್ದು ಹಾಕಿದರೆ ಎರಡೇ ಎಳೆ ಹಿಡಿದು ಥ್ರೆಡ್ ಕಿತ್ತು ಬರುತ್ತೆ. ಉಳಿದ ಬೋಲ್ಟ್‌ಗಳು ಮಂಡಕ್ಕಿ ಕವರಿನಲ್ಲಿ, ಒಳಗೊಂದು ಚೀಟಿ: ಏನು, ಎಲ್ಲಿಯದು, ವಾಷರ್ ಎಷ್ಟು. ವೈರ್ ಜೋಡಣೆಗೆ ಮೊಬೈಲ್ ಫೋಟೋ ಸಾಕು ಅಂತಾರೆ. ಸಾಕಾಗಲ್ಲ. ಹಳೇ ವೈರುಗಳೆಲ್ಲ ಧೂಳು ಹಿಡಿದು ಒಂದೇ ಬಣ್ಣಕ್ಕೆ ಬಂದಿರುತ್ತವೆ. ಒರೆಸಿ, ಟೇಪ್ ಸುತ್ತಿ, ಎರಡೂ ತುದಿಗೂ ಒಂದೇ ನಂಬರ್ ಬರೆದರೆ ಮಾತ್ರ ನೆಮ್ಮದಿ.

ಈಗ ಮುಖ್ಯ ಮಾತು. ಮೊದಲ ಸಲ ಎಂಜಿನ್ ಇಳಿಸೋರೆಲ್ಲ ಹೆದರೋದು ಭಾರಕ್ಕೆ. ಆರ್‌ಎಕ್ಸ್‌ನ ಎಂಜಿನ್ 98 ಸಿಸಿ ಟೂ-ಸ್ಟ್ರೋಕ್. ಹೆಡ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಸೆಲ್ಫ್ ಮೋಟಾರ್ ಇಲ್ಲ, ಇಬ್ಬರು ಆರಾಮಾಗಿ ಎತ್ತಬಹುದು. ಕಷ್ಟ ಬರೋದು ಇಳಿಸಿದ ಮೇಲೆ. ಬಿಗಿಯಾದ ನಟ್ ಬಿಚ್ಚೋಕೆ ಪಾನಾ ಹಾಕಿ ಎಳೆದರೆ ಎಂಜಿನ್ನೇ ನೆಲದ ಮೇಲೆ ಸುತ್ತುತ್ತೆ. ವರ್ಕ್‌ಶಾಪ್‌ನಲ್ಲಿ ವೈಸ್ ಇದೆ, ಗಾಳಿ ಗನ್ ಇದೆ. ಮನೆಯಲ್ಲಿ ಎಂಜಿನ್ ಹಿಡಿದುಕೊಳ್ಳೋ ವೈಸ್ ಅಂದರೆ ಚಾಸಿ ಒಂದೇ. ಆದ್ದರಿಂದ ಬಿಗಿ ನಟ್‌ಗಳೆಲ್ಲ ಎಂಜಿನ್ ಇನ್ನೂ ಚಾಸಿಯಲ್ಲಿ ಇರುವಾಗಲೇ ಸಡಿಲ ಆಗಬೇಕು. ತೆಗೆಯೋದು ಬೇಡ, ಸಡಿಲ ಮಾಡಿಟ್ಟರೆ ಸಾಕು. ಅಂಥವುಗಳಲ್ಲಿ ಮುಖ್ಯವಾದವು ಮೂರು.

ಮೊದಲನೆಯದು ಮುಂದಿನ ಚೈನ್ ಸ್ಪ್ರಾಕೆಟ್ ನಟ್. ಅದರ ಹಿಂದಿನ ಲಾಕ್ ವಾಷರ್‌ನ ಮಡಚಿದ ಕಿವಿಯನ್ನ ಉಳಿಯಿಂದ ನೆಟ್ಟಗೆ ಮಾಡಿ, ಗೇರ್ ಹಾಕಿ, ಹುಡುಗನಿಗೆ ಹಿಂದಿನ ಬ್ರೇಕ್ ಒತ್ತಿ ನಿಲ್ಲು ಅಂದೆ. ಚೈನ್ ಇನ್ನೂ ಇರೋದರಿಂದ ಹಿಂದಿನ ಚಕ್ರ ಸ್ಪ್ರಾಕೆಟ್ಟನ್ನ ಹಿಡಿದಿರುತ್ತೆ. ಚೈನ್ ಮೊದಲೇ ಕಳಚಿದರೆ ಈ ಅನುಕೂಲ ಹೋಯಿತು.

ಎರಡನೆಯದು ಮ್ಯಾಗ್ನೆಟ್ ನಟ್. ಕ್ರ್ಯಾಂಕ್ ತಿರುಗದ ಹಾಗೆ ತಡೀಬೇಕು. ಮ್ಯಾಗ್ನೆಟ್ ಹೋಲ್ಡರ್ ಇಲ್ಲದಿದ್ದರೆ ಹಗ್ಗದ ಉಪಾಯ: ಪ್ಲಗ್ ಬಿಚ್ಚಿ, ಆ ತೂತಿನಿಂದ ಮೆತ್ತನೆ ನೈಲಾನ್ ಹಗ್ಗ ಇಳಿಬಿಟ್ಟು, ಪಿಸ್ಟನ್ ಮೇಲೆ ಬಂದು ಹಗ್ಗದ ಸುರುಳಿಗೆ ಒತ್ತಿ ನಿಲ್ಲೋ ಹಾಗೆ ಮಾಡೋದು. ಫೋರ್-ಸ್ಟ್ರೋಕ್‌ನಲ್ಲಿ ಇದು ಸಲೀಸು. ಟೂ-ಸ್ಟ್ರೋಕ್‌ನಲ್ಲಿ ಸಿಲಿಂಡರ್ ಗೋಡೆಯಲ್ಲೇ ಕಿಟಕಿಗಳಿವೆ. ಪಿಸ್ಟನ್ ಕೆಳಗಿದ್ದಾಗ ಹಗ್ಗ ಬಿಟ್ಟರೆ ಅದು ಎಕ್ಸಾಸ್ಟ್ ಕಿಟಕಿಯೊಳಗೆ ಹೊಕ್ಕು, ಪಿಸ್ಟನ್ ಏರುವಾಗ ಅಂಚಿಗೆ ಸಿಕ್ಕಿ ತುಂಡಾಗುತ್ತೆ. ತುಂಡನ್ನ ಹೊರಗೆ ತೆಗೆಯೋಕೆ ಹೆಡ್ಡೇ ಬಿಚ್ಚಬೇಕು. ಅದಕ್ಕೇ ಪ್ಲಗ್ ತೂತಿನಲ್ಲಿ ಟಾರ್ಚ್ ಬಿಟ್ಟು, ಮ್ಯಾಗ್ನೆಟ್ಟನ್ನ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ, ಪಿಸ್ಟನ್ ಎಕ್ಸಾಸ್ಟ್ ಕಿಟಕಿಯನ್ನ ಪೂರ್ತಿ ಮುಚ್ಚಿ ಮೇಲೆ ಬಂದದ್ದು ಖಾತ್ರಿಯಾದ ಮೇಲೆ ಹಗ್ಗ ಬಿಟ್ಟೆವು. ತುದಿ ಹೊರಗೇ ಇರಲಿ ಅಂತ ಒಂದು ಗಂಟು. ಪಾನಾಕ್ಕೆ ಪೈಪ್ ತೊಡಿಸಿ ಎಳೆದಾಗ ಪಿಸ್ಟನ್ ಹಗ್ಗಕ್ಕೆ ಮೆತ್ತಗೆ ಒರಗಿತು, ನಟ್ ಬಿಟ್ಟಿತು. ಪುಲ್ಲರ್ ಹಾಕಿ ಮ್ಯಾಗ್ನೆಟ್ ಕಳಚಿದಾಗ ಕ್ರ್ಯಾಂಕ್ ಮೇಲಿನ ಅರ್ಧಚಂದ್ರ ಕೀ ಎಲ್ಲಿ ಬೀಳುತ್ತೆ ಅಂತ ಕಣ್ಣಿಟ್ಟಿರಬೇಕು. ಅದು ಇಗ್ನಿಷನ್ ಟೈಮಿಂಗ್ ಹಿಡಿದಿರೋ ಚೂರು, ಮ್ಯಾಗ್ನೆಟ್‌ಗೇ ಅಂಟಿಕೊಂಡು ಕಾಣದೆ ಹೋಗೋದೂ ಉಂಟು.

ಮೂರನೆಯದು ಬಲಗಡೆ, ಕ್ರ್ಯಾಂಕ್ ತುದಿಯ ಪ್ರೈಮರಿ ಗೇರ್ ನಟ್. ಅದಕ್ಕೆ ಕಿಕ್ಕರ್, ಆಯಿಲ್ ಪಂಪ್‌ನ ಕೇಬಲ್, ಪೈಪು, ಆಮೇಲೆ ಕ್ಲಚ್ ಕವರ್ ತೆಗೀಬೇಕು. ಕ್ರ್ಯಾಂಕ್ ಗೇರ್ ಮತ್ತು ಕ್ಲಚ್ ಡ್ರಮ್‌ನ ಹಲ್ಲುಗಳ ನಡುವೆ ಮಡಚಿದ ತಾಮ್ರದ ವಾಷರ್ ಸಿಕ್ಕಿಸಿದರೆ ಎರಡೂ ನಿಲ್ಲುತ್ತವೆ. ಅಲ್ಲಿ ಸ್ಕ್ರೂಡ್ರೈವರ್ ತುರುಕೋರನ್ನ ನೋಡಿದ್ದೀನಿ. ಹಲ್ಲಿಗಿಂತ ಮೆತ್ತಗಿನ ಲೋಹವೇ ಅಲ್ಲಿ ಹೋಗಬೇಕು.

ಇಷ್ಟಾದ ಮೇಲೆ ಕಳಚೋ ಕೆಲಸ ಬೇಗ ಸಾಗುತ್ತೆ. ಪೆಟ್ರೋಲ್ ಕಾಕ್ ಮುಚ್ಚಿ ಟ್ಯಾಂಕ್ ತೆಗೆದು ಮನೆಯ ಹಿಂದಿನ ಕೋಣೆಗೆ, ಒಲೆಯಿಂದ ದೂರ. ಬ್ಯಾಟರಿ ವೈರ್ ಕಳಚಿದ್ದು. ಸೈಲೆನ್ಸರ್ ಬೆಂಡ್‌ನ ನಟ್‌ಗಳಿಗೆ ಹಿಂದಿನ ದಿನವೇ ಆಯಿಲ್ ಬಿಟ್ಟಿದ್ದರಿಂದ ತಕರಾರಿಲ್ಲದೆ ಬಂದವು. ಕಾರ್ಬುರೇಟರ್ ಮೈ ಪೂರ್ತಿ ಹೊರಗೆ. ಅದರ ಸ್ಲೈಡು, ಸೂಜಿ ಮಾತ್ರ ಆಕ್ಸಿಲರೇಟರ್ ಕೇಬಲ್‌ಗೇ ನೇತಾಡುತ್ತಿರುತ್ತವೆ. ಅದನ್ನ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಹ್ಯಾಂಡಲ್‌ಗೆ ಕಟ್ಟಿದೆ, ಸೂಜಿ ಬಾಗಿದರೆ ಮತ್ತೊಂದು ರಾಮಾಯಣ. ಟೂ-ಟಿ ಟ್ಯಾಂಕಿನಿಂದ ಬರೋ ಪೈಪ್‌ನ ಬಾಯಿಗೆ ಅಳತೆಗೆ ಸರಿಯಾದ ಬೋಲ್ಟ್ ತಿರುಗಿಸಿ ಮುಚ್ಚಿದ್ದು. ಸುಮ್ಮನೆ ಮಡಚಿ ಕಟ್ಟಿದರೆ ಬೆಳಗಾಗೋದರಲ್ಲಿ ಪೋರ್ಟಿಕೋ ತುಂಬಾ ನೀಲಿ ಆಯಿಲ್. ಕ್ಲಚ್ ಕೇಬಲ್, ಗೇರ್ ಲಿವರ್, ಮ್ಯಾಗ್ನೆಟ್‌ನಿಂದ ಬರೋ ಕಪ್ಲರ್, ಕೊನೆಗೆ ಚೈನ್ ಲಾಕ್ ಬಿಚ್ಚಿ ಚೈನ್.

ಸಿಲಿಂಡರ್ ಮತ್ತು ಹೆಡ್ ಮೊದಲೇ ತೆಗೆದರೆ ಎಂಜಿನ್ ಇನ್ನೂ ಹಗುರ ಆಗುತ್ತೆ ನಿಜ. ನಾನು ತೆಗೆಯಲಿಲ್ಲ. ಎತ್ತುವಾಗ ಕೈಗೆ ಸಿಗೋ ಒಳ್ಳೇ ಹಿಡಿ ಅಂದರೆ ಸಿಲಿಂಡರೇ, ಮತ್ತೆ ತೆರೆದ ಬಾಯಿಯ ಕ್ರ್ಯಾಂಕ್ ಕೇಸ್ ಇಟ್ಟುಕೊಂಡು ಓಡಾಡಿದರೆ ಒಳಗೆ ಮಣ್ಣು ಬೀಳುತ್ತೆ. ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿಗೆ ವೇಸ್ಟ್ ಬಟ್ಟೆ ತುರುಕಿ, ಹೊರಗಿನ ಜಿಡ್ಡೆಲ್ಲ ಡೀಸೆಲ್ ಮತ್ತು ಬ್ರಷ್‌ನಿಂದ ತೊಳೆದದ್ದು ಈ ಹಂತದಲ್ಲೇ. ಕೊಳಕು ಎಂಜಿನ್ ಬಿಚ್ಚಿದರೆ ಹೊರಗಿನ ಮರಳು ನೇರ ಬೇರಿಂಗ್‌ಗೆ ಹೋಗುತ್ತೆ. ಜಿಡ್ಡಿನ ಅಡಿಯಿಂದ ಎಂಜಿನ್ ನಂಬರ್ ಎದ್ದು ಬಂತು. ಆರ್.ಸಿ. ಜೊತೆ ತಾಳೆ ನೋಡಿ ಫೋಟೋ ತೆಗೆದಿಟ್ಟೆ.

ಮೌಂಟಿಂಗ್ ಬೋಲ್ಟ್‌ಗಳಲ್ಲಿ ಮುಂದಿನವು ಸಲೀಸು, ಹಿಂದೆ ಮೇಲಿನದೂ ಬಂತು. ಹಿಂದೆ ಕೆಳಗಿನ ಉದ್ದ ಬೋಲ್ಟ್ ಮಾತ್ರ ಹಟ ಹಿಡಿಯಿತು. ನಟ್ ಬಿಚ್ಚಿತು, ಆದರೆ ಬೋಲ್ಟ್ ತಿರುಗಲೂ ಇಲ್ಲ, ಜಾರಲೂ ಇಲ್ಲ. ಹಿಂದಿನ ಚಕ್ರ ಎಸೆಯೋ ನೀರು, ಕೆಸರು ನೇರ ಬೀಳೋ ಜಾಗ ಅದು. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಕೇಸಿನ ಕಿವಿಯೊಳಗೆ ವರ್ಷಗಟ್ಟಲೆ ನೆನೆದು ತುಕ್ಕು ಹಿಡಿದರೆ, ತುಕ್ಕು ಉಬ್ಬಿ ತೂತನ್ನೇ ತುಂಬಿಬಿಡುತ್ತೆ.

ಅಲ್ಲಿ ಮೊದಲು ಮಾಡಬೇಕಾದ ಕೆಲಸ ಥ್ರೆಡ್ ಉಳಿಸೋದು. ಬಿಚ್ಚಿದ ನಟ್ಟನ್ನ ವಾಪಸ್ ಹಾಕಿ, ಬೋಲ್ಟ್ ತುದಿಗೂ ನಟ್‌ನ ಮುಖಕ್ಕೂ ಸಮ ಆಗೋವರೆಗೆ ತಿರುಗಿಸಿದೆ. ಹೊಡೆತ ನಟ್ ಮೇಲೂ ಬೀಳೋದರಿಂದ ಬೋಲ್ಟ್ ತುದಿ ಅಣಬೆ ಆಗಲ್ಲ. ಬರೀ ಬೋಲ್ಟ್ ತುದಿಗೆ ಹೊಡೆದು ಅದು ಅರಳಿಬಿಟ್ಟರೆ, ಸಡಿಲ ಆದರೂ ತೂತಿನಿಂದ ಹೊರಗೆ ಬರಲ್ಲ. ನಟ್ ಮೇಲೆ ಹಿತ್ತಾಳೆ ಸರಳು ಇಟ್ಟು ಸುತ್ತಿಗೆಯಲ್ಲಿ ಹೊಡೆದೆ. ಸದ್ದು ಬಂತು, ಬೋಲ್ಟ್ ಬರಲಿಲ್ಲ. ಎರಡೂ ಕಡೆಯಿಂದ ಆಯಿಲ್ ಬಿಟ್ಟು ರಾತ್ರಿಯೆಲ್ಲ ನೆನೆಯೋಕೆ ಬಿಟ್ಟೆ. ಬೆಳಗ್ಗೆಯೂ ಅದೇ ಕಥೆ.

ಸದ್ದು ಕೇಳಿ ಪಕ್ಕದ ಮನೆ ಯಜಮಾನರು ಕಾಂಪೌಂಡ್ ಹತ್ತಿರ ಬಂದರು. ಬಸ್ ಡಿಪೋದ ವರ್ಕ್‌ಶಾಪ್‌ನಲ್ಲಿ ಇದ್ದು ನಿವೃತ್ತರಾದವರು, ಸುಮ್ಮನೆ ನಿಂತು ನೋಡೋದು ಅವರಿಗೆ ಆಗಲ್ಲ.

"ಹೊಡದ್ರ ಬರಲ್ಲ ಅದು. ಬಿಸಿ ಕೊಡು."

"ಗ್ಯಾಸ್ ಟಾರ್ಚ್ ಹಿಡೀಲೇನ್ರಿ ಯಜಮಾನ್ರೆ?"

"ಪೆಟ್ರೋಲ್ ಗಾಡಿಗ್ ಬೆಂಕಿ ಹಿಡಿತೀಯೇನು? ನೀರು ಕಾಸಪ, ನೀರು. ಕುದಿಯೋ ನೀರು ಕೇಸಿನ ಮ್ಯಾಲೆ ಹೊಯ್ಯಿ. ಬೋಲ್ಟ್ ಮ್ಯಾಲೆ ಬ್ಯಾಡ."

ಲೆಕ್ಕ ಸರಿಯಾಗಿದೆ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಎರಡರಷ್ಟು ಹಿಗ್ಗುತ್ತೆ. ಕೇಸಿನ ಕಿವಿ ಬಿಸಿಯಾದರೆ ತೂತು ದೊಡ್ಡದಾಗುತ್ತೆ, ಬೋಲ್ಟ್ ಅಷ್ಟು ಬೇಗ ಹಿಗ್ಗಲ್ಲ, ನಡುವಿನ ತುಕ್ಕಿನ ಹಿಡಿತ ಮುರಿಯುತ್ತೆ. ಅವ್ವನ ಸ್ನಾನದ ನೀರಿನ ಹಂಡೆಯಿಂದ ಚೊಂಬು ಚೊಂಬು ಹೊಯ್ದೆ. ಇದೇ ಹೊತ್ತಿಗೆ ಹುಡುಗ ಬೋಲ್ಟ್‌ನ ತಲೆಗೆ ರಿಂಗ್ ಪಾನಾ ಹಾಕಿ ಎಳೆಯೋದು ಬಿಟ್ಟು, ಬರೀ ಮುಂದೆ ಹಿಂದೆ ನಡುಗಿಸುತ್ತಾ ಇದ್ದ. ಅದೂ ಯಜಮಾನರ ಅಪ್ಪಣೆಯೇ. ಮೊದಲು ಕೂದಲೆಳೆಯಷ್ಟು, ಆಮೇಲೆ ಕಾಲು ಸುತ್ತು. ಕಿವಿಯ ಅಂಚಿನಿಂದ ಕೆಂಪು ತುಕ್ಕಿನ ನೀರು ಇಳಿಯಿತು. ತಿರುಗೋಕೆ ಶುರುವಾದ ಬೋಲ್ಟ್‌ಗೆ ಮತ್ತೆ ಆಯಿಲ್, ಮತ್ತೆ ತಿರುಗಿಸೋದು, ಆಮೇಲೆ ಹಿತ್ತಾಳೆ ಸರಳಿನ ಎರಡೇ ಏಟು. ಆಮೇಲೆ ಪೂರ್ತಿ ಹೊರಗೆ ಬಂದಾಗ ನೋಡಿದರೆ ಬೋಲ್ಟ್‌ನ ನಡುಭಾಗದಲ್ಲಿ ಬೆರಳುಗುರು ಸಿಕ್ಕೋವಷ್ಟು ಗುಳಿ ಬಿದ್ದಿತ್ತು. ಅದನ್ನ ವಾಪಸ್ ಹಾಕೋ ಪ್ರಶ್ನೆಯೇ ಇಲ್ಲ. ಹೊಸದು ತಂದು ಗ್ರೀಸ್ ಸವರಿ ಹಾಕೋದು.

ಸಡಿಲ ಆಯಿತು ಅಂತ ಬೋಲ್ಟನ್ನ ಆಗಲೇ ಪೂರ್ತಿ ಎಳೆದುಬಿಡಲಿಲ್ಲ. ಎಂಜಿನ್ ಅದೊಂದರ ಮೇಲೇ ಮಲಗೋದರಿಂದ, ಮೊದಲು ಎರಡೂ ಚಕ್ರಕ್ಕೆ ಇಟ್ಟಿಗೆ ಕೊಟ್ಟು, ಎಂಜಿನ್ ಅಡಿಗೆ ಹಳೇ ಟೈರ್ ಇಟ್ಟು ಅದರ ಮೇಲೆ ಗೋಣಿಚೀಲ ಹಾಸಿದ್ದು. ಹುಡುಗ ಎಡಗಡೆಯಿಂದ ಕೇಸ್ ಹಿಡಿದ, ನಾನು ಬಲಗಡೆಯಿಂದ ಸಿಲಿಂಡರ್. ಯಜಮಾನರು ಬೋಲ್ಟ್ ಎಳೆದರು. ಎಂಜಿನ್ ಮೂತಿ ಸ್ವಲ್ಪ ಮುಂದಕ್ಕೆ ಬಾಗಿಸಿ, ಹಿಂಭಾಗ ಎತ್ತಿ, ಸೈಲೆನ್ಸರ್ ಇಲ್ಲದೆ ಖಾಲಿಯಾಗಿದ್ದ ಬಲಗಡೆಗೆ ಹೊರಳಿಸಿದರೆ ಚಾಸಿ ದಾಟಿತು. ಎತ್ತಿದ್ದು ಚೂರು ಹೊತ್ತು. ಗೇಟಿನ ಹೊರಗೆ ನಿಂತಿದ್ದ ಮಕ್ಕಳಿಗೆ ನಿರಾಸೆ, ಅವರೇನೋ ಕ್ರೇನ್ ಬರುತ್ತೆ ಅಂದುಕೊಂಡಿದ್ದರು.

ಖಾಲಿ ಚಾಸಿ ನೋಡೋ ಅವಕಾಶ ಮತ್ತೆ ಯಾವಾಗ ಸಿಗುತ್ತೋ. ಸ್ವಿಂಗ್ ಆರ್ಮ್ ಬುಷ್ ಅಲ್ಲಾಡ್ತಿದೆಯಾ, ಎಂಜಿನ್ ಕೂರೋ ಪ್ಲೇಟ್‌ಗಳಲ್ಲಿ ಕೂದಲು ಬಿರುಕು ಇದೆಯಾ, ವೈರಿಂಗ್ ಎಲ್ಲಾದರೂ ಉಜ್ಜಿ ತಾಮ್ರ ಕಾಣ್ತಿದೆಯಾ ನೋಡಬೇಕು. ನಮ್ಮದರಲ್ಲಿ ಮುಂದಿನ ಪ್ಲೇಟಿನ ತೂತು ಮೊಟ್ಟೆಯಾಕಾರಕ್ಕೆ ಸವೆದಿತ್ತು. ವೆಲ್ಡಿಂಗ್ ಮಾಡಿಸಿ ಮತ್ತೆ ತೂತು ಕೊರೆಸಿದೆ. ಎಂಜಿನ್ ಇದ್ದಿದ್ದರೆ ಅದು ಕಣ್ಣಿಗೇ ಬೀಳ್ತಿರಲಿಲ್ಲ.

ಮೇಜಿನ ಮೇಲೆ ಕೇಸ್ ಬಿಡಿಸುವಾಗ ಒಂದೇ ನಿಯಮ: ಎರಡು ಹೋಳಿನ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟೋ 'ಟಾಮಿ' ಕೆಲಸ ಬೇಡ. ಆ ಮುಖಗಳ ಮೇಲೆ ಒಂದು ಗೀರು ಬಿದ್ದರೆ ಅಲ್ಲಿಂದಲೇ ಗಾಳಿ ಎಳೆಯುತ್ತೆ, ಹೊಸ ಸೀಲ್ ಹಾಕಿದ್ದು ದಂಡ. ಸ್ಕ್ರೂ ಎಲ್ಲ ತೆಗೆದು, ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ಬಡಿಯುತ್ತಾ ಹೋದರೆ ಸಂದು ಬಿಡುತ್ತೆ. ಬಿಟ್ಟ ಮೇಲೆ ಕಾರಣ ಕಣ್ಣೆದುರಿಗೇ ಇತ್ತು. ಎಡಗಡೆ ಸೀಲ್‌ನ ತುಟಿ ಬಿಸಿಲಿಗೆ ಒಣಗಿದ ಹಳೇ ಚಪ್ಪಲಿ ಪಟ್ಟಿಯಷ್ಟು ಗಟ್ಟಿ, ಒತ್ತಿದರೆ ಬಾಗದೆ ಬಿರುಕು ಬಿಡ್ತು. ಬಲಗಡೆಯದರಲ್ಲಿ ಒಳಗಿನ ಸ್ಪ್ರಿಂಗೇ ಕಳಚಿತ್ತು. ಬೇರಿಂಗ್ ಬೆರಳಲ್ಲಿ ತಿರುಗಿಸಿದರೆ ಕರಕರ. ಕನೆಕ್ಟಿಂಗ್ ರಾಡನ್ನ ಪಕ್ಕಕ್ಕೆ ಸರಿಸಿದಾಗ ಚೂರು ಆಡುತ್ತೆ, ಅದು ಇರಬೇಕಾದದ್ದೇ. ನೆಟ್ಟಗೆ ಮೇಲೆ ಕೆಳಗೆ ಎಳೆದಾಗ ಆಡಬಾರದು. ಇದು ಆಡ್ತಿತ್ತು. ಹಾಗಾಗಿ ರಾಡ್ ಕಿಟ್ ಕೂಡ ಪಟ್ಟಿಗೆ ಸೇರಿತು.

ಕ್ರ್ಯಾಂಕ್ ಕೆಲಸ ಮನೆಯದ್ದಲ್ಲ, ಪ್ರೆಸ್ ಬೇಕು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷ ಆದರೂ ಅಲ್ಲಿ ತಯಾರಾದ ಲೇತ್‌ಗಳು ಈ ಸುತ್ತಿನ ಶೆಡ್‌ಗಳಲ್ಲಿ ಇನ್ನೂ ತಿರುಗ್ತಿವೆ. ಅಂಥದೊಂದು ಶೆಡ್ಡಿಗೆ ಕ್ರ್ಯಾಂಕ್ ಒಯ್ದೆ. ಪಿನ್ ಒತ್ತಿ ತೆಗೆದು ಹೊಸ ರಾಡ್ ಕೂರಿಸಿದ ಮೇಲೆ, ಎರಡು ಸೆಂಟರ್ ನಡುವೆ ಕ್ರ್ಯಾಂಕ್ ಹಿಡಿದು ಡಯಲ್ ಗೇಜ್ (ಕೂದಲೆಳೆಯಷ್ಟು ಓಲಾಟವನ್ನೂ ಮುಳ್ಳಿನಿಂದ ತೋರಿಸೋ ಅಳತೆ ಸಾಧನ) ಇಟ್ಟು ತಿರುಗಿಸಿ ನೋಡೋದು. ಮುಳ್ಳು ಆಡಿದ ಕಡೆಗೆ ತಾಮ್ರದ ಸುತ್ತಿಗೆಯಲ್ಲಿ ಒಂದೇಟು, ಮತ್ತೆ ತಿರುಗಿಸೋದು. 0.03 ಮಿ.ಮೀ. ಒಳಗೆ ಬರೋವರೆಗೂ ಅವರು ಬಿಡಲಿಲ್ಲ. ನಾನು ಕೂತು ನೋಡಿದ್ದಕ್ಕೆ ಬೇಜಾರೂ ಮಾಡಿಕೊಳ್ಳಲಿಲ್ಲ, ಚಹಾ ತರಿಸಿದರು.

ಬೇರಿಂಗ್ ಕೊಳ್ಳುವಾಗ ಹಳೇದನ್ನೇ ಜೇಬಿನಲ್ಲಿ ಇಟ್ಟುಕೊಂಡು ಹೋಗಬೇಕು, ನಂಬರ್ ಅದರ ಮೇಲೇ ಇರುತ್ತೆ. ನಂಬರ್‌ನ ಕೊನೆಗೆ ಸಿ3 ಅಂತಿದ್ದರೆ ಹೊಸದರಲ್ಲೂ ಅದು ಇರಲೇಬೇಕು. ಬಿಸಿಗೆ ಹಿಗ್ಗೋಕೆ ಒಳಗೆ ಸ್ವಲ್ಪ ಹೆಚ್ಚು ಸಡಿಲ ಬಿಟ್ಟ ಬೇರಿಂಗ್ ಅದು. "ಅದೇ ಸೈಜ್ ಸರ್, ನಡೀತದೆ" ಅಂತ ಸಾದಾ ಬೇರಿಂಗ್ ಕೊಟ್ಟರೆ ತಗೋಬಾರದು. ಕೂರಿಸೋಕೆ ಸುತ್ತಿಗೆ ಬೇಡ: ಬೇರಿಂಗ್ ರಾತ್ರಿಯೆಲ್ಲ ಫ್ರೀಜರ್‌ನಲ್ಲಿ, ಕೇಸ್ ಬೆಳಗ್ಗೆ ಹಾಟ್ ಏರ್ ಗನ್‌ನಿಂದ ನೀರಿನ ಹನಿ ಚುಂಯ್ ಅನ್ನೋವಷ್ಟು ಬಿಸಿ. ಇಟ್ಟ ಕೂಡಲೇ ತಾನೇ ಕೆಳಗಿಳಿದು ಟಣ್ ಅಂತ ಕೂತಿತು. ಅವ್ವ ಮಾತ್ರ ಫ್ರೀಜರ್ ತೆಗೆದಾಗ, "ದ್ವಾಸಿಗೆ ಬೆಣ್ಣಿ ಇಡೋ ಜಾಗದಾಗ ಇದೇನೋ ಇಟ್ಟೀಯ?" ಅಂತ ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ವಾಪಸ್ ಕೂರಿಸೋದು ಇಳಿಸಿದ್ದರ ಉಲ್ಟಾ, ಎರಡು ಮಾತು ಬಿಟ್ಟು. ಮೌಂಟಿಂಗ್ ಬೋಲ್ಟ್ ಎಲ್ಲವೂ ಮೊದಲು ಕೈಯಲ್ಲಿ ತಿರುಗಿಸಿ ಕೂರಬೇಕು, ಆಮೇಲೇ ಪಾನಾ; ಒಂದನ್ನ ಪೂರ್ತಿ ಬಿಗಿ ಮಾಡಿದರೆ ಇನ್ನೊಂದರ ತೂತು ಸರಿಹೊಂದಲ್ಲ. ಎರಡನೆಯದು ಆಯಿಲ್ ಪಂಪು. ಪೈಪ್ ಕಳಚಿದ್ದರಿಂದ ಅದರೊಳಗೆ ಗಾಳಿ ಸೇರಿರುತ್ತೆ, ಪಂಪಿನ ಬ್ಲೀಡ್ ಸ್ಕ್ರೂ ಬಿಚ್ಚಿ ಗುಳ್ಳೆ ಹೋಗೋವರೆಗೆ ಆಯಿಲ್ ಬಿಡಬೇಕು. ಅದನ್ನ ನಂಬಿಕೊಂಡಿರದೆ ಮೊದಲ ಟ್ಯಾಂಕ್ ಪೆಟ್ರೋಲ್‌ಗೆ ಲೀಟರ್‌ಗೆ 20 ಎಂ.ಎಲ್. ಟೂ-ಟಿ ಆಯಿಲ್ ನೇರ ಬೆರೆಸಿದೆ. ಹೊಸ ಬೇರಿಂಗ್ ಒಂದು ನಿಮಿಷ ಒಣಗಿ ತಿರುಗಿದರೂ ಇಷ್ಟು ಮಾಡಿದ್ದೆಲ್ಲ ನೀರಲ್ಲಿ ಹೋಮ.

ಖರ್ಚು ಕೂಡಿಸಿ ನೋಡಿದರೆ ಕೂಲಿ ಉಳಿದಷ್ಟನ್ನೂ ಪುಲ್ಲರ್, ಇಂಪ್ಯಾಕ್ಟ್ ಡ್ರೈವರ್, ಹಾಟ್ ಏರ್ ಗನ್ ನುಂಗಿವೆ. ದುಡ್ಡು ಉಳಿಸೋಕೆ ಈ ಕೆಲಸಕ್ಕೆ ಕೈ ಹಾಕೋದು ವ್ಯರ್ಥ. ಒಳಗೆ ಏನು ಹಾಕಿದೆ ಅನ್ನೋದು ಗೊತ್ತಿರಬೇಕು ಅನ್ನೋರಿಗೆ ಸರಿ. ಗಾಡಿ ಈಗ ಹರಿಹರದವರೆಗೆ ಹೋಗಿ ಬರುತ್ತಿದೆ, ಐಡ್ಲಿಂಗ್ ಒಂದೇ ಸಮ. ಕಿಕ್ಕರ್ ಬುಡದಲ್ಲಿ ಮಾತ್ರ ಒಂದು ಹನಿ ಗೇರ್ ಆಯಿಲ್ ಜಿನುಗುತ್ತಿದೆ. ಅದು ಕಿಕ್ ಶಾಫ್ಟ್‌ನ ಸೀಲು. ಲಿವರ್ ಕಳಚಿ ಹೊರಗಿನಿಂದಲೇ ಬದಲಿಸಬಹುದು, ಕವರ್ ಕೂಡ ಬಿಚ್ಚಬೇಕಿಲ್ಲ. ಸೀಲ್ ತಂದಿಟ್ಟಿದ್ದೀನಿ, ಹುಡುಗನ ಪರೀಕ್ಷೆ ಮುಗೀಲಿ ಅಂತ ಕಾಯ್ತಿದ್ದೀನಿ.